ಹಾಲಮ್ಮನ ಹೇಳಿಕೆಯ ಉಳಿದರ್ಧ

ಗಂಡ ಜಯಪ್ಪನನ್ನು ಮಣ್ಣು ಮಾಡಿದ ಮಾರನೆಯ ದಿನ, ಠಾಣೆಯ ಮೆಟ್ಟಿಲ ಮೇಲೆ, ಜಯಶೀಲಾ ಅತ್ತೆಗೆ ಒಂದು ಮಾತು ಕೊಟ್ಟಿದ್ದಳು.

"ಅತ್ತೆ, ಇನ್ನೊಂದ್ಸಲ ನಿನ್ನ ಮಾತನ್ನ ಬೇರೆಯೋರ ಕೈಲಿ ಬರೆಸಲ್ಲ. ನಾನೇ ಬರೀತೀನಿ. ಪೂರ್ತಿ ಬರೀತೀನಿ."

ಹಾಲಮ್ಮ ಅವಳಿಗೆ ಎರಡು ಕಡೆಯಿಂದಲೂ ಅತ್ತೆ. ಅಪ್ಪನ ಒಡಹುಟ್ಟಿದವಳು, ಗಂಡನನ್ನು ಹೆತ್ತವಳು. ಅವಳು ಹೆಬ್ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡು ಮೆಟ್ಟಿಲಿಳಿದಳು.

ಒಳಗೆ ನಡೆದದ್ದು ಇಷ್ಟು. ರೈಟರ್ ಕೇಳಿದ, "ನಿನ್ನ ಮಗ ಕುಡೀತಿದ್ನೇನಜ್ಜಿ?" ಹಾಲಮ್ಮನಿಗೆ ಅದು ಮುಚ್ಚಿಡಬೇಕಾದ ವಿಷಯ ಎಂದು ಅನ್ನಿಸಲೇ ಇಲ್ಲ. ಅದೇ ತನ್ನ ದೂರು ಎಂದುಕೊಂಡಿದ್ದಳು. "ಕುಡೀದೆ ಯಾರು ಸ್ವಾಮಿ ಅದರೊಳಕ್ಕೆ ಇಳೀತಾರೆ? ಯಾವಾಗ್ಲೂ ಕುಡಿದೇ ಇಳೀತಿದ್ದ. ಅವರೇ ಕುಡಿಸಿ ಇಳಿಸ್ತಿದ್ರು. ಮೊನ್ನೆನೂ ಅವರೇ ತಂದುಕೊಟ್ರು, ಮುಂದೆ ನಿಂತು ಕುಡಿಸಿದ್ರು, ಆಮೇಲೆ ಮುಚ್ಚಳ ತೆಗೆಸಿದ್ರು" ಎಂದಳು. ರೈಟರ್ ಬರೆದದ್ದು, 'ನನ್ನ ಮಗನು ಯಾವಾಗಲೂ ಕುಡಿದೇ ಗುಂಡಿಗೆ ಇಳಿಯುತ್ತಿದ್ದನು.' ಅಲ್ಲಿಗೆ ಚುಕ್ಕೆ ಇಟ್ಟ. ಅದರ ಕೆಳಗೆ ಹೆಬ್ಬೆಟ್ಟು ಬಿತ್ತು.

ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಹೊರಗೆ ಕಾಯುತ್ತಿದ್ದ ಜಯಶೀಲಾ ನಕಲು ಓದಿದವಳೇ ಒಳಗೆ ಹೋದಳು.

"ಉಳಿದಿದ್ದೆಲ್ಲಿ ಸರ್?"

"ಅಷ್ಟು ಸಾಕು ನಡಿಯಮ್ಮ. ಕೆಲಸ ಇದಾವೆ ನಮಗೆ."

ಗುಂಡಿಗೆ ಇಳಿಯುವವನಿಗೆ ಇಳಿಸುವವನೇ ಕುಡಿಸಬೇಕು. ಭದ್ರಾವತಿಯ ಮಾದಿಗರ ಕೇರಿಯಲ್ಲಿ ಅದು ಗುಂಡಿಗಳು ಬಂದಾಗಿನಿಂದ ನಡೆದುಬಂದ ಪದ್ಧತಿ. ಮನೆಯ ಯಜಮಾನನೋ ಅವನ ಮ್ಯಾನೇಜರನೋ ಶೀಸೆ ತಂದು ದೂರದಲ್ಲಿ ನೆಲದ ಮೇಲಿಟ್ಟು ಹಿಂದೆ ಸರಿಯುತ್ತಾನೆ. ಇಳಿಯುವವನು ಒಂದು ತೊಟ್ಟು ಮುಚ್ಚಳದ ಮೇಲೆ ಚೆಲ್ಲಿ, ಉಳಿದದ್ದನ್ನು ಒಂದೇ ಗುಟುಕಿಗೆ ಕುಡಿಯುತ್ತಾನೆ. ಮೈಗೆ ಎಣ್ಣೆ ಬಳಿದುಕೊಳ್ಳುತ್ತಾನೆ. ಸೊಂಟಕ್ಕೆ ಹಗ್ಗ ಕಟ್ಟಿಸಿಕೊಳ್ಳುತ್ತಾನೆ. ಮೂಗಿಗೆ ಏನೂ ಇಲ್ಲ, ಕೈಗೆ ಏನೂ ಇಲ್ಲ. ಇರುವುದು ಆ ಶೀಸೆ ಒಂದೇ. ಜಯಪ್ಪ ಬೇರೆ ದಿನ ಕುಡಿಯುತ್ತಿರಲಿಲ್ಲ. ಗುಂಡಿ ಕೆಲಸದ ದಿನ ಮಾತ್ರ ಕುಡಿದು, ಮನೆಗೆ ಬಂದು, ಹೊರಗಿನ ಕಲ್ಲಿನ ಮೇಲೆ ಕೂತು ವಾಂತಿ ಮಾಡಿಕೊಂಡು, ಮೈ ತಿಕ್ಕಿ ತಿಕ್ಕಿ ತೊಳೆದು, ಆದರೂ ಮಗಳು ಅಕ್ಷರಾಳನ್ನು ಮುಟ್ಟದೆ ಮಲಗುತ್ತಿದ್ದ.

ಅವತ್ತು ಚಂದ್ರಶೇಖರಪ್ಪನವರ ಕಲ್ಯಾಣ ಮಂಟಪದಲ್ಲಿ ಮದುವೆ. ಪಾಯಿಖಾನೆ ಕಟ್ಟಿಕೊಂಡಿದ್ದಕ್ಕೆ ಹೆಣ್ಣಿನವರು ಗಲಾಟೆ ಎಬ್ಬಿಸಿದ್ದರು. ಗುಂಡಿ ಎಳೆಯುವ ಗಾಡಿ ಬರುವುದು ನಾಳೆಗೆ ಎಂದಾಗ ಜಯಪ್ಪನಿಗೆ ಕರೆ ಹೋಯಿತು. ಇಳಿದವನು ಮೇಲೆ ಬರಲಿಲ್ಲ. ಹಗ್ಗ ಹಿಡಿದು ಎಳೆದರು. ಹೆಣವನ್ನು ಹಿತ್ತಿಲ ಗೋಡೆಗೆ ಒರಗಿಸಿ ಮೇಲೆ ಶಾಮಿಯಾನದ ಬಟ್ಟೆ ಹೊದಿಸಿದರು. ಅಂಗಳಕ್ಕೆ ಫಿನಾಯಿಲ್ ಹಾಕಿ ತೊಳೆದರು. ಸಂಜೆಯ ಆರತಕ್ಷತೆ ಸಾಂಗವಾಗಿ ನಡೆಯಿತು.

ಅರ್ಧಕ್ಕೆ ಬಿಟ್ಟಿದ್ದ ಬಿ.ಎ.ಯನ್ನು ಜಯಶೀಲಾ ಮುಗಿಸಿದಳು. ಲಾ ಕಾಲೇಜು ಸೇರಿದಳು. ಕತ್ತಲಿರುವಾಗಲೇ ಎದ್ದು ಭದ್ರಾವತಿಯ ಬೀದಿ ಗುಡಿಸಿ, ಮೋರಿಯ ಹೂಳು ಎತ್ತಿ, ತಲೆಗೆ ನೀರು ಹಾಕಿಕೊಂಡು ಶಿವಮೊಗ್ಗದ ಬಸ್ಸು ಹಿಡಿಯುತ್ತಿದ್ದಳು. ಉದ್ದ ಪೊರಕೆ ಹಿಡಿದು ಹಿಡಿದು ಅಂಗೈಯಲ್ಲಿ ಗಂಟುಗಳೆದ್ದಿದ್ದವು. ಪೆನ್ನು ಹಿಡಿದರೆ ಜಾರುತ್ತಿತ್ತು. ಅಕ್ಷರ ಕಾಗೆಕಾಲು. ಮೇಷ್ಟ್ರುಗಳು ಅದಕ್ಕೂ ಅಂಕ ಕತ್ತರಿಸುತ್ತಿದ್ದರು. ಅವಳು ಯಾರ ಜೊತೆಯೂ ಹೆಚ್ಚು ಮಾತಾಡುತ್ತಿರಲಿಲ್ಲ. ಏನು ಕೆಲಸ ಎಂದು ಕೇಳಿದವರಿಗೆ "ನಗರಸಭೆ" ಎನ್ನುತ್ತಿದ್ದಳು. ಕ್ಲರ್ಕು ಎಂದುಕೊಂಡವರು ಹಾಗೇ ಅಂದುಕೊಂಡಿರಲಿ ಎಂದು ಬಿಟ್ಟಿದ್ದಳು.

ಕ್ರಿಮಿನಲ್ ಲಾ ಪಾಠ ಮಾಡುತ್ತಿದ್ದವರು ಪ್ರಸನ್ನಕುಮಾರ್. ಕೋರ್ಟಿನಲ್ಲಿ ಹೆಸರು ಮಾಡಿದ ವಕೀಲರು. ವಾರಕ್ಕೆರಡು ದಿನ ಕಾಲೇಜಿಗೆ ಬಂದರೆ ಹುಡುಗರು ಕಿಟಕಿಯಲ್ಲೂ ಕೂತು ಕೇಳುತ್ತಿದ್ದರು. ನಗಿಸುತ್ತಿದ್ದರು. ಯಾರನ್ನೂ ಗದರಿಸಿದವರಲ್ಲ.

"ಇವತ್ತು ಅಸೈನ್‌ಮೆಂಟ್" ಎಂದರು ಒಂದು ದಿನ. "ಹಳೇ ಸೆಕ್ಷನ್ ಮುನ್ನೂರನಾಲ್ಕು ಎ, ಈಗಿನ ನೂರಾಆರು. ನಿರ್ಲಕ್ಷ್ಯದಿಂದ ಸಾವು. ಪುಸ್ತಕದ ಸಮಸ್ಯೆ ಕೊಡಲ್ಲ. ನಾನೇ ನಡೆಸಿದ ಮ್ಯಾಟರ್, ಇಲ್ಲೇ ಭದ್ರಾವತಿದು. ಕೈಬರಹದಲ್ಲೇ ಇರಬೇಕು. ಬರ್ಕೊಳ್ಳಿ."

ಅವರು ಹೇಳುತ್ತ ಹೋದರು. ಎಲ್ಲರೂ ಬರೆದುಕೊಂಡರು. ಜಯಶೀಲಾಳೂ ಬರೆದುಕೊಂಡಳು.

"ಎ ಎಂಬ ಕೂಲಿಯವನು ಬಿ ಎಂಬ ಮಾಲೀಕನ ಕಲ್ಯಾಣ ಮಂಟಪದ ಶೌಚದ ಗುಂಡಿ ಶುಚಿ ಮಾಡಲು ಇಳಿದು, ವಿಷಗಾಳಿಯಿಂದ ಮೃತನಾಗುತ್ತಾನೆ. ಮರಣೋತ್ತರ ಪರೀಕ್ಷೆಯಲ್ಲಿ ಮದ್ಯದ ಅಂಶ ಕಂಡುಬರುತ್ತದೆ. 'ನನ್ನ ಮಗನು ಯಾವಾಗಲೂ ಕುಡಿದೇ ಗುಂಡಿಗೆ ಇಳಿಯುತ್ತಿದ್ದನು' ಎಂದು ಎ ಯ ತಾಯಿಯೇ ಹೇಳಿಕೆ ಕೊಟ್ಟಿರುತ್ತಾಳೆ. ಬಿ ಹೊಣೆಗಾರನಲ್ಲ ಎಂಬುದನ್ನು ಸಮರ್ಥಿಸಿ."

ಜಯಶೀಲಾಳ ಪೆನ್ನು ನಿಂತಿತು. ಸಾಲು ಅದೇ, ಚುಕ್ಕೆ ಬಿದ್ದ ಜಾಗವೂ ಅದೇ.

"ಸರ್, ಎ ಯಾವ ಬ್ರ್ಯಾಂಡ್ ಕುಡಿದಿದ್ದ?" ಎಂದ ದುಶ್ಯಂತ್. ಅಡಿಕೆ ಮಂಡಿಯವರ ಮಗ. ಅವನು ಬಾಯಿ ತೆಗೆದರೆ ನಗುವವರು ನಾಲ್ಕು ಬೆಂಚು ತುಂಬ ಇದ್ದರು. ತರಗತಿ ಗೊಳ್ಳೆಂದಿತು.

"ಅದು ಪೋಸ್ಟ್‌ಮಾರ್ಟಮಲ್ಲಿ ಬರಲ್ಲ ಕಣಯ್ಯ" ಎಂದು ಪ್ರಸನ್ನಕುಮಾರರೂ ನಕ್ಕರು. "ಆ ಮುದುಕಿ ಸತ್ಯವಂತೆ. ಅವಳ ಬಾಯಿಂದ ಆ ಒಂದು ಸಾಲು ಬಂತು ನೋಡಿ, ನನ್ನ ಕೆಲಸ ಮುಗೀತು. ಪೊಲೀಸರು ಬಿ ರಿಪೋರ್ಟ್ ಹಾಕಿದ್ರು. ಯಾರದೂ ತಪ್ಪಿಲ್ಲ, ಕೇಸು ಮುಚ್ಚಿ ಅಂತ. ನಿಜವಾದ ವಕೀಲ ಯಾರು ಗೊತ್ತಾ? ಕಟಕಟೆವರೆಗೂ ಹೋಗದೇ ಕೇಸು ಮುಗಿಸೋನು."

ಯಾವ ಬ್ರ್ಯಾಂಡೆಂದು ಜಯಶೀಲಾಳಿಗೆ ಗೊತ್ತಿತ್ತು. ಆ ಖಾಲಿ ಶೀಸೆಯನ್ನು ಮಂಟಪದ ಹಿತ್ತಿಲಿನಿಂದ ಹೆಕ್ಕಿ ಠಾಣೆಗೆ ಒಯ್ದವಳು ಅವಳೇ. ರೈಟರ್ ಅದನ್ನು ಕಿಟಕಿಯಾಚೆ ಎಸೆದಿದ್ದ. ಅವಳು ಎದ್ದು ನಿಲ್ಲಲಿಲ್ಲ. ತಲೆ ತಗ್ಗಿಸಿ ಬೆಂಚಿನ ಅಂಚನ್ನು ಹಿಡಿದುಕೊಂಡಿದ್ದಳು. ಮೋರಿಯ ಕಲ್ಲು ಎತ್ತುವಾಗ ಹಿಡಿಯುವ ಹಾಗೆ.

ಹೊರಗೆ ಬಂದ ಮೇಲೆ ಅತೀಕಾ ಹಿಂದೆಯೇ ಬಂದಳು. ತರಗತಿಯಲ್ಲಿ ಜಯಶೀಲಾಳ ಪಕ್ಕ ಕೂರುತ್ತಿದ್ದವಳು ಅವಳೊಬ್ಬಳೇ. ಗಾಂಧಿ ಬಜಾರಿನಲ್ಲಿ ಅವರಪ್ಪನ ಬಟ್ಟೆ ಅಂಗಡಿ.

"ಏನಾಯ್ತೆ ಮಾರಾಯ್ತಿ? ಮುಖ ಸುಟ್ಟ ಬದನೆಕಾಯಿ ಆಗಿದೆ."

"ಎ ಅಂದ್ರೆ ನನ್ನ ಗಂಡ."

ಅತೀಕಾ ನಡೆಯುವುದನ್ನು ನಿಲ್ಲಿಸಿದಳು. ಬಜಾರಿನ ಕೈಗಾಡಿಯವನೊಬ್ಬ "ಹಟೋ ಹಟೋ" ಎನ್ನುತ್ತ ಇಬ್ಬರ ನಡುವೆ ದಾಟಿಹೋದ. ಜಯಶೀಲಾ ಎಲ್ಲವನ್ನೂ ಹೇಳಿದಳು. ಶೀಸೆ, ಹಗ್ಗ, ಶಾಮಿಯಾನದ ಬಟ್ಟೆ. ತಾನು ನಗರಸಭೆಯಲ್ಲಿ ಏನು ಮಾಡುತ್ತೇನೆಂಬುದನ್ನೂ ಹೇಳಿದಳು.

"ಪೊರಕೆ ವಿಷಯ ನನಗೆ ಗೊತ್ತಿತ್ತು" ಎಂದಳು ಅತೀಕಾ. "ನಿನ್ನ ಕೈ ನೋಡಿದ್ರೆ ಗೊತ್ತಾಗಲ್ವಾ? ಕೇಳು, ನನ್ನ ಮಾತಿಗೆ ಬೇಜಾರಾಗ್ಬೇಡ. ಅವರು ಕೇಳಿದ್ದನ್ನ ಬರೆದು ಬಿಸಾಕು. ಮಾರ್ಕ್ಸ್ ತಗೋ. ಕರಿಕೋಟು ಹಾಕ್ಕೋ. ಆಮೇಲೆ ಅದೇ ಕೋಟಲ್ಲಿ ನಿಂತು ಅವರ ಮುಖಕ್ಕೆ ಹೇಳು."

"ಬಿ ತಪ್ಪಿಲ್ಲ ಅಂತ ನನ್ನ ಕೈಯಲ್ಲೇ ಬರೀಲಾ?"

"ಬರೀ ಕಾಗದ ಕಣೆ ಅದು."

"ಅವತ್ತೂ ಬರೀ ಕಾಗದಾನೇ."

ಅತೀಕಾ ಮತ್ತೆ ನಡೆಯತೊಡಗಿ, "ಇಂಟರ್ನಲ್ ಮಾರ್ಕ್ಸ್ ಇಲ್ದಿದ್ರೆ ಪರೀಕ್ಷೆಗೆ ಕೂರಿಸಲ್ಲ, ಗೊತ್ತಲ್ಲ" ಎಂದಳು.

ಗೊತ್ತಿತ್ತು. ಒಂದು ವರ್ಷ ಹೋಗುತ್ತದೆ. ಮೋರಿಯಲ್ಲಿ ಇನ್ನೊಂದು ವರ್ಷ. ಸೊಂಟ ಈಗಲೇ ಬಗ್ಗಿದರೆ ಏಳುತ್ತಿರಲಿಲ್ಲ.

ಮರುದಿನ ಅವಳು ಕಾಲೇಜಿಗೆ ಹೋಗಲಿಲ್ಲ. ಭದ್ರಾವತಿಯ ಕೋರ್ಟಿಗೆ ಹೋದಳು. ಕೇಸಿನ ನಂಬರು ಹೇಳಿ, ಬಿ ರಿಪೋರ್ಟಿನ ಮೇಲೆ ಏನು ಆದೇಶವಾಗಿದೆ ಎಂದು ಕೇಳಿದಳು. ಗುಮಾಸ್ತ ತುಂಬ ಹೊತ್ತು ಹುಡುಕಿ ಬಂದ.

"ಆದೇಶ ಆಗಿಲ್ಲಮ್ಮ. ಫಿರ್ಯಾದುದಾರಳಿಗೆ ನೋಟಿಸ್ ಮುಟ್ಟಿಲ್ಲ ಅಂತ ಮುಂದಕ್ಕೆ ಹೋಗ್ತಾನೇ ಇದೆ. ವಿಳಾಸದಲ್ಲಿ ಸಿಗಲಿಲ್ಲ ಅಂತ ಬರೆದು ವಾಪಸ್ ಬಂದಿದೆ."

"ನಮ್ಮತ್ತೆ ಕೇರಿಯಲ್ಲೇ ಇದ್ದಾಳಲ್ಲ ಸರ್. ಹುಟ್ಟಿದಾಗಿಂದ ಅಲ್ಲೇ ಇದ್ದಾಳೆ."

"ಕೇರಿ ಒಳಗೆ ಯಾರಮ್ಮ ಬರ್ತಾರೆ ನೋಟಿಸ್ ಹಿಡ್ಕೊಂಡು" ಎಂದ ಅವನು. ಕೆಟ್ಟ ಮನುಷ್ಯನಲ್ಲ, ಇರುವುದನ್ನು ಹೇಳಿದ. "ತಕರಾರು ಇದ್ರೆ ಅರ್ಜಿ ಹಾಕಿ. ಇನ್ನೂ ಅವಕಾಶ ಇದೆ."

ಅವಳು ಹೊರಗಿನ ಕಟ್ಟೆಯ ಮೇಲೆ ಕೂತಳು. ಮುಗಿಯಿತು ಮುಗಿಯಿತು ಎಂದು ಎಲ್ಲರೂ ಹೇಳಿದ್ದ ಕೇಸು ಮುಗಿದೇ ಇರಲಿಲ್ಲ. ಗೆದ್ದೆ ಎಂದು ಪಾಠ ಮಾಡುವವರೂ ಬಂದು ನೋಡಿರಲಿಲ್ಲ. ಸೋತೆವು ಎಂದು ಮೂಲೆಗೆ ಕೂತವರೂ ಬಂದು ಕೇಳಿರಲಿಲ್ಲ. ಅವಳೇ ಕಾನೂನು ಓದುತ್ತಿದ್ದಳು, ಅವಳೂ ಕೇಳಿರಲಿಲ್ಲ. ಕೋರ್ಟಿನ ಕಾಗದ ಎಂದರೆ ಅದು ತಮ್ಮನ್ನು ಹಿಡಿಯಲು ಬರುವಂಥದು ಎಂದೇ ಕೇರಿಯವರು ತಿಳಿದಿದ್ದರು. ತಾವಾಗಿ ಹೋಗಿ ಕೇಳುವಂಥದು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಭಾನುವಾರ ಮಧ್ಯಾಹ್ನ ಬಾಗಿಲ ಬಳಿ ಕೂತು ಅವಳು ಅಸೈನ್‌ಮೆಂಟ್ ಬರೆಯತೊಡಗಿದಳು. ಹಾಲಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಅವಳ ಕಾಲದಲ್ಲಿ ಗುಂಡಿಗಳಿರಲಿಲ್ಲ. ಮಲವನ್ನು ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತವಳು. ಮಳೆ ಬಂದರೆ ಮುಖದ ಮೇಲೆ ಇಳಿಯುತ್ತಿತ್ತು. ಅವಳ ನೆತ್ತಿಯ ಮೇಲೆ ಈಗಲೂ ಕೂದಲಿಲ್ಲ.

"ಅತ್ತೆ, ಠಾಣೇಲಿ ಹೇಳಿದ್ಯಲ್ಲ, ಅದನ್ನ ಇನ್ನೊಂದ್ಸಲ ಹೇಳು."

"ಯಾಕೆ, ಇನ್ನೊಬ್ಬ ಮಗ ಇದ್ದಾನಾ ಸಾಯಿಸೋಕೆ?"

"ಬರೀತೀನಿ."

ಹಾಲಮ್ಮ ಸುಲಿಯುವುದನ್ನು ನಿಲ್ಲಿಸಿದಳು. "ಅಲ್ಲಿ ಒಬ್ಬ ಇದ್ದ, ನೀನು ಒಳಗೆ ಬರೋಷ್ಟರಲ್ಲಿ ಹೋಗಿದ್ದ. ಬಿಳೀ ಅಂಗಿ. ಕರೀ ಕೋಟು ತೋಳ ಮೇಲೆ ಹಾಕ್ಕೊಂಡಿದ್ದ. ರೈಟರ್ ಬರೆಯೋವಾಗ ಅವನ ಹೆಗಲ ಮೇಲಿಂದ ಬಗ್ಗಿ ನೋಡ್ತಿದ್ದ. ನಾನು ಮುಚ್ಚಳ ತೆಗೆಸಿದ್ರು ಅಂದ ತಕ್ಷಣ, 'ಸಾಕು ಅಜ್ಜಿ, ದಣಿದಿದೀರ, ಟೀ ಕುಡೀರಿ' ಅಂದ. ನಂಗೆ ಬಹುವಚನ ಕೊಟ್ಟು ಮಾತಾಡ್ಸಿದೋರೇ ಇಲ್ಲ ಕಣೆ. ಒಳ್ಳೇವ್ನು ಅಂದ್ಕೊಂಡೆ. ಟೀ ಕುಡಿದೆ."

ಜಯಶೀಲಾ ಅದನ್ನೂ ಬರೆದಳು.

ಎ ಎಂದು ಬರೆಯಲಿಲ್ಲ. ಜಯಪ್ಪ, ಹಾಲಮ್ಮನ ಮಗ, ಎಂದು ಬರೆದಳು. ಬಿ ಎಂದು ಬರೆಯಲಿಲ್ಲ. ಚಂದ್ರಶೇಖರಪ್ಪ ಎಂದು ಬರೆದಳು. ಮದ್ಯ ಯಾರು ತಂದರು, ಎಲ್ಲಿ ಇಟ್ಟರು, ಯಾರು ಎದುರಿಗೆ ನಿಂತಿದ್ದರು ಎಂದು ಬರೆದಳು. ರಕ್ಷಣೆಯ ಸಲಕರಣೆ ಇಲ್ಲದೆ ಮನುಷ್ಯನನ್ನು ಗುಂಡಿಗೆ ಇಳಿಸಕೂಡದು ಎಂದು ಎರಡು ಸಾವಿರದ ಹದಿಮೂರರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಹೇಳುತ್ತದೆ, ಇಳಿದವನು ಕುಡಿದಿದ್ದನೋ ಇಲ್ಲವೋ ಎಂದು ಅದು ಕೇಳುವುದೇ ಇಲ್ಲ, ಇಳಿಸಿದವನು ಯಾರು ಎಂದಷ್ಟೇ ಕೇಳುತ್ತದೆ ಎಂದು ಬರೆದಳು. ಕುಡಿಸಿದ್ದು ಇಳಿದವನ ತಪ್ಪಿಗೆ ಸಾಕ್ಷಿಯಲ್ಲ, ಇಳಿಸಿದವನ ಸಿದ್ಧತೆಗೆ ಸಾಕ್ಷಿ ಎಂದು ಬರೆದಳು. ಅಂಗೈ ನೋಯುತ್ತಿತ್ತು. ಗಂಟೊಂದು ಒಡೆದು ಹಾಳೆಯ ಅಂಚಿಗೆ ಕೀವು ತಾಗಿತು. ಆ ಹಾಳೆಯನ್ನು ಬದಲಿಸಿದಳು.

"ಪೂರ್ತಿ ಬರೆದ್ಯಾ?" ಎಂದಳು ಹಾಲಮ್ಮ. "ಓದು."

ಓದಿದಳು. ಅಂಗಳದಲ್ಲಿ ಆಡುತ್ತಿದ್ದ ಅಕ್ಷರಾ ಬಂದು ಅಜ್ಜಿಯ ತೊಡೆಗೆ ಒರಗಿ ಕೇಳಿದಳು. ಮುಗಿದ ಮೇಲೆ ಹಾಲಮ್ಮ ಅವರೆಕಾಯಿಯ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿದಳು.

"ಶಾಮಿಯಾನದ ಬಟ್ಟೆ ಬಿಟ್ಟಿದೀಯ" ಎಂದಳು. "ಹಾಕು ಅದನ್ನ. ಮದುವೆ ಬಟ್ಟೆ ಮುಚ್ಚಿದ್ರು ನನ್ನ ಮಗನಿಗೆ."

ಜಯಶೀಲಾ ಹಾಕಿದಳು.

ವಾರ ಕಳೆದು ಪ್ರಸನ್ನಕುಮಾರ್ ಅವಳನ್ನು ಸ್ಟಾಫ್ ರೂಮಿಗೆ ಕರೆಸಿದರು. ಮೇಜಿನ ಮೇಲೆ ಅವಳ ಹಾಳೆಗಳಿದ್ದವು. ಕೂರಲು ಹೇಳಲಿಲ್ಲ.

"ಏನಮ್ಮ ಇದು? ಎ ಎಲ್ಲಿ, ಬಿ ಎಲ್ಲಿ? ಇಷ್ಟೆಲ್ಲ ಹೆಸರು ಎಲ್ಲಿಂದ ತಂದೆ?"

"ಎ ನನ್ನ ಗಂಡ ಸರ್."

ಅವರು ಕನ್ನಡಕ ತೆಗೆದರು. ಮುಖದ ಬಣ್ಣ ಒಂದು ಗಳಿಗೆ ಹೋಗಿ, ತಿರುಗಿ ಬಂತು. ಎದ್ದು ಬಾಗಿಲು ಅರ್ಧ ಮುಂದೆ ಮಾಡಿದರು. ದನಿ ಮೆತ್ತಗಾಯಿತು.

"ಮೊದಲೇ ಹೇಳಬಾರದಾಗಿತ್ತಾ? ನಾನು ಬೇರೆ ಪ್ರಶ್ನೆ ಕೊಡ್ತಿದ್ದೆ. ಕೂತ್ಕೊಳ್ಳಿ."

"ಪರವಾಗಿಲ್ಲ ಸರ್. ನಿಂತು ಅಭ್ಯಾಸ."

"ನೋಡಿ ಜಯಶೀಲಾ ಅವರೇ. ನನಗೂ ಬೇಸರ ಆಗುತ್ತೆ. ಆದರೆ ನಾನು ನನ್ನ ಕೆಲಸ ಮಾಡಿದೆ. ನಾಳೆ ನೀವೂ ಅದನ್ನೇ ಮಾಡ್ತೀರ. ಬಂದ ಕಕ್ಷಿದಾರನ ಪರ ನಿಲ್ಲೋದು. ಇದನ್ನ ವಾಪಸ್ ತಗೊಳ್ಳಿ. ಕಳ್ಳತನದ ಮೇಲೆ ಒಂದು ಸಣ್ಣ ಟಿಪ್ಪಣಿ ಬರೆದುಕೊಡಿ, ಪೂರ್ತಿ ಅಂಕ ಹಾಕ್ತೀನಿ. ಇಬ್ಬರಿಗೂ ಒಳ್ಳೇದು."

ಬಹುವಚನ ಅವಳ ಕಿವಿಗೆ ಬಿತ್ತು. ಅತ್ತೆಯ ಕೈಗೆ ಕೊಟ್ಟಿದ್ದ ಟೀ ನೆನಪಾಯಿತು.

"ಇಲ್ಲ ಸರ್."

"ಏನಿಲ್ಲ?"

"ಬೇರೆ ಬರೆಯಲ್ಲ. ನೀವು ಕೊಟ್ಟ ಪ್ರಶ್ನೆಗೇ ಉತ್ತರ ಬರೆದಿದೀನಿ. ತಪ್ಪಿದ್ರೆ ತೋರಿಸಿ, ಅಂಕ ಕಳೀರಿ."

"ನಾನು ಕೇಳಿದ್ದು ಬಿ ಯಾಕೆ ಹೊಣೆ ಅಲ್ಲ ಅಂತ."

"ಹೊಣೆ ಅಲ್ಲದೆ ಇದ್ರೆ ಬರೀತಿದ್ದೆ ಸರ್."

ಅವರ ಕೈ ಮೇಜಿನ ಮೇಲೆ ಬಡಿಯಿತು. ದೊಡ್ಡ ಸದ್ದೇನಲ್ಲ. "ಓದಿಸಿದ್ರೆ ಹೀಗೇ. ಮೀಸಲಾತಿ ಸೀಟು ಕೊಟ್ಟು ತಂದು ಕೂರಿಸಿದ್ರೆ ಮೇಷ್ಟ್ರ ತಲೆ ಮೇಲೇ ಕೂರ್ತೀರ. ಇದು ಅಸೈನ್‌ಮೆಂಟಾ? ಅಳು. ಕೇರಿ ಜಗಳ. ಇದನ್ನ ತಗೊಂಡು ಯಾವ ಕೋರ್ಟಿಗೆ ಹೋಗ್ತೀಯ? ಕೇಸು ಮುಗಿದು ಎಷ್ಟು ಕಾಲ ಆಯ್ತು."

ಈಗ ಏಕವಚನ ಬಂದಿತ್ತು. ಜಯಶೀಲಾಳಿಗೆ ಅದು ಹಗುರವಾಗಿ ಕೇಳಿಸಿತು.

"ಮುಗಿದಿಲ್ಲ ಸರ್. ಬಿ ರಿಪೋರ್ಟಿನ ಮೇಲೆ ಆದೇಶ ಆಗಿಲ್ಲ. ನೀವು ಹೋಗಿ ನೋಡಿಲ್ಲ."

ಪ್ರಸನ್ನಕುಮಾರ್ ಅವಳನ್ನು ನೋಡಿದರು. ಮೊದಲ ಸಲ ಸರಿಯಾಗಿ ನೋಡಿದರು ಎನ್ನಬೇಕು. ಆಮೇಲೆ ಹಾಳೆಗಳನ್ನು ಒಟ್ಟು ಮಾಡಿ ಅವಳ ಕಡೆಗೆ ತಳ್ಳಿದರು.

"ಸೊನ್ನೆ. ಬೇರೆ ಬರೆದುಕೊಟ್ರೆ ತಗೋತೀನಿ. ಇಲ್ಲದಿದ್ರೆ ನಿನ್ನ ಹೆಸರು ಪರೀಕ್ಷೆ ಪಟ್ಟಿಗೆ ಹೋಗಲ್ಲ. ಪ್ರಿನ್ಸಿಪಾಲರ ಹತ್ರ ಹೋಗ್ತೀಯ? ಹೋಗು. ಆ ಕಲ್ಯಾಣ ಮಂಟಪದಲ್ಲೇ ಅವರ ಮಗಳ ಮದುವೆ ಆಗಿದ್ದು."

ಅವಳು ಹಾಳೆಗಳನ್ನು ತೆಗೆದುಕೊಂಡಳು. ಬಾಗಿಲ ಬಳಿ ತಿರುಗಿ ನಿಂತಳು.

"ನಮ್ಮತ್ತೆ ನಿಮ್ಮನ್ನ ಒಳ್ಳೆಯವರು ಅಂತ ಇಷ್ಟು ದಿನ ಅಂದ್ಕೊಂಡಿದ್ದಳು ಸರ್. ನಾನು ಹೇಳ್ತೀನಿ ಅವಳಿಗೆ."

ಹೊರಗೆ ಅತೀಕಾ ಕಾಯುತ್ತಿದ್ದಳು. ಮುಖ ನೋಡಿಯೇ ಅವಳಿಗೆ ತಿಳಿಯಿತು. "ಹುಚ್ಚಿ ನೀನು" ಎಂದಳು. ಆಮೇಲೆ, "ಟೈಪ್ ಮಾಡ್ಸೋಣ ನಡಿ. ನಿನ್ನ ಕಾಗೆಕಾಲು ಜಡ್ಜಿಗೂ ಅರ್ಥ ಆಗಲ್ಲ" ಎಂದಳು.

ತಕರಾರು ಅರ್ಜಿ ಎಂದು ತಲೆಬರಹ ಬದಲಾಯಿತು. ಕೋರ್ಟಿನ ಹೆಸರು ಬಂತು, ಕೇಸಿನ ನಂಬರು ಬಂತು. ಒಳಗಿನ ಮಾತು ಬದಲಾಗಲಿಲ್ಲ. ಹಾಲಮ್ಮ ಒಗೆದ ಸೀರೆ ಉಟ್ಟು ಕೋರ್ಟಿಗೆ ಬಂದಳು. ವರಾಂಡದಲ್ಲಿ ಬೆಂಚಿನಲ್ಲಿ ಜಾಗವಿದ್ದರೂ ನೆಲದ ಮೇಲೆ ಕೂತಳು. ಜಯಶೀಲಾ ರಟ್ಟೆ ಹಿಡಿದು ಎಬ್ಬಿಸಿ ಬೆಂಚಿನ ಮೇಲೆ ಕೂರಿಸಿದಳು. ಪಕ್ಕದಲ್ಲಿದ್ದವನು ಎದ್ದುಹೋದ. ಹೋಗಲಿ ಎಂದಳು ಜಯಶೀಲಾ. ಮ್ಯಾಜಿಸ್ಟ್ರೇಟರು ಹಾಲಮ್ಮನನ್ನು ಒಂದೇ ಪ್ರಶ್ನೆ ಕೇಳಿದರು, ಇದರಲ್ಲಿ ಬರೆದಿರುವುದು ನಿಮ್ಮ ಮಾತೇ ಎಂದು. "ಹೌದು ಸ್ವಾಮಿ. ಎಲ್ಲಾ ನಂದೇ. ಓದಿಸಿ ಕೇಳಿದೀನಿ" ಎಂದಳು ಹಾಲಮ್ಮ. ಅರ್ಜಿ ಕಡತಕ್ಕೆ ಸೇರಿತು. ಮುಂದಿನ ತಾರೀಖು ಕೊಟ್ಟರು. ಆ ತಾರೀಖಿಗೆ ಚಂದ್ರಶೇಖರಪ್ಪ ಬರಲಿಲ್ಲ, ಅವರ ಪರವಾಗಿ ಪ್ರಸನ್ನಕುಮಾರರ ಜೂನಿಯರ್ ಬಂದು ಕಾಲಾವಕಾಶ ಕೇಳಿದ. ಕೊಟ್ಟರು. ಅದರ ಮುಂದಿನ ತಾರೀಖಿಗೂ ಕೇಳಿದ. ಕೊಟ್ಟರು.

ಪರೀಕ್ಷೆಯ ಪಟ್ಟಿಯಲ್ಲಿ ಜಯಶೀಲಾಳ ಹೆಸರು ಬರಲಿಲ್ಲ. ಕ್ರಿಮಿನಲ್ ಲಾ ಪರೀಕ್ಷೆಯ ಬೆಳಿಗ್ಗೆ ಅವಳು ಮೋರಿಯೊಳಗೆ ಮೊಣಕಾಲಿನವರೆಗೆ ನಿಂತು ಹೂಳು ಎತ್ತುತ್ತಿದ್ದಳು. ಓದು ಒಂದು ವರ್ಷ ಹಿಂದೆ ಬಿತ್ತು. ಚಂದ್ರಶೇಖರಪ್ಪನವರ ಕಲ್ಯಾಣ ಮಂಟಪದಲ್ಲಿ ಮದುವೆಗಳು ನಡೆಯುತ್ತಿವೆ.

ಹಾಲಮ್ಮನ ಮಾತು ಪೂರ್ತಿಯಾಗಿ ಕೋರ್ಟಿನ ಕಡತದಲ್ಲಿದೆ. ಬರೆದವಳು ಜಯಶೀಲಾ. ಕೊಟ್ಟ ಮಾತನ್ನು ಅವಳು ನಡೆಸಿದಳು.